ಎಡಕ್ಕೆ ತಿರುಗುವಾಗಿನ ಸದ್ದು

"ಅಮ್ಮಾ, ಬಸ್ಸು ಎಡಕ್ಕೆ ತಿರುಗುವಾಗ ಅಂಕಯ್ಯ ಯಾಕೆ ಕಣ್ಣು ಮುಚ್ಕೋತಾನೆ?"

ಹಿತ್ತಲ ಜಗಲಿಯ ಮೇಲೆ ಕಾಲು ಇಳಿಬಿಟ್ಟು, ಬೆಣ್ಣೆ ಸವರಿದ ರೊಟ್ಟಿಯ ಅಂಚನ್ನಷ್ಟೇ ಕಚ್ಚುತ್ತಾ ಕೂತಿದ್ದ ಗೌರಿ ಕೇಳಿದಳು. ಮೊರದಲ್ಲಿ ರಾಗಿ ಕೇರುತ್ತಿದ್ದ ನೀಲಾಂಬಿಕೆಯ ಕೈ ಒಂದು ಗಳಿಗೆ ನಿಂತಿತು.

"ಅಂಕಯ್ಯ ಅಲ್ಲ, ಅಂಕಯ್ಯತಾತ ಅನ್ನು. ಧೂಳು ಏಳ್ತದಲ್ಲ ಪುಟ್ಟಿ, ಕಣ್ಣಿಗೆ ಬೀಳ್ತದೆ ಅಂತ."

"ಸಂಜೆ ಬಸ್ಸು ವಾಪಸ್ಸು ಬಂದು ಬಲಕ್ಕೆ ತಿರುಗುವಾಗ್ಲೂ ಧೂಳು ಏಳ್ತದೆ. ಆಗ ಮುಚ್ಕೊಳ್ಳೋದೇ ಇಲ್ಲ."

ಮಗು ನೋಡಿದ್ದು ಸರಿಯಾಗಿಯೇ ಇತ್ತು. ಹುಣಸೂರಿನ ಸಂತೆಬೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಯ ಹಿತ್ತಲಿಗೆ ಅಂಟಿಕೊಂಡೇ ಬಸ್ಸು ನಿಲ್ಲಿಸುವ ತಗಡಿನ ಷೆಡ್ಡು. ಬೆಳಿಗ್ಗೆ ಹೆಗ್ಗಡದೇವನಕೋಟೆಗೆ ಹೊರಡುವ ಬಸ್ಸು ಷೆಡ್ಡಿನಿಂದ ಈಚೆ ಬಂದು, ಓಣಿಯ ಬಾಯಲ್ಲಿ ಮೈಯೆಲ್ಲ ಮುರಿದುಕೊಂಡು ಎಡಕ್ಕೆ ಹೊರಳಬೇಕು. ಆ ಮೂಲೆಯ ಕಲ್ಲುಬಾನಿಯ ಪಕ್ಕದಲ್ಲಿ ಮೆಕ್ಯಾನಿಕ್ ಅಂಕಯ್ಯ ನಿಂತಿರುತ್ತಾನೆ. ಬಸ್ಸಿನ ಮೂತಿ ಎಡಕ್ಕೆ ವಾಲುತ್ತಲೂ ಅವನ ಕಣ್ಣು ಮುಚ್ಚುತ್ತದೆ, ತಲೆ ಸ್ವಲ್ಪ ಓರೆಯಾಗುತ್ತದೆ. ಹಿಂದಿನ ಚಕ್ರ ಮೂಲೆ ದಾಟಿದ ಮೇಲೆ ಕಣ್ಣು ಬಿಟ್ಟು, ಹೆಗಲ ವಸ್ತ್ರದಿಂದ ಬಾಯೊರೆಸಿಕೊಂಡು ಷೆಡ್ಡಿಗೆ ಹಿಂತಿರುಗುತ್ತಾನೆ.

ಈಗ ಇಲ್ಲದ ಒಂದು ಸದ್ದನ್ನು ಅವನು ಅಲ್ಲಿ ನಿಂತು ಕೇಳುತ್ತಿದ್ದಾನೆ ಎನ್ನುವುದು ನೀಲಾಂಬಿಕೆಗೆ ಗೊತ್ತಿತ್ತು. ಐದು ವರ್ಷದ ಮಗುವಿಗೆ ಅದನ್ನು ಹೇಗೆ ಬಿಡಿಸಿ ಹೇಳುವುದು?

"ಅದೊಂದು ಅಭ್ಯಾಸ ಕಣಮ್ಮ ಅವರಿಗೆ. ರೊಟ್ಟಿ ತಿನ್ನು, ನಡು ಭಾಗ ನಾಯಿಗಲ್ಲ" ಎಂದು ಮೊರವನ್ನು ಮತ್ತೆ ಎತ್ತಿಕೊಂಡಳು.

ಅಂಕಯ್ಯ ಕೋಟೆ ಕಡೆಯ ಹಳ್ಳಿಯವನು. ಅವನಪ್ಪ ಕಾಡಿನಿಂದ ಮರ ಸಾಗಿಸುವ ಗಾಡಿ ಹೊಡೆಯುತ್ತಿದ್ದ. ಹಿಂದೆ ಮರದ ದಿಮ್ಮಿ, ಮುಂದೆ ಎತ್ತಿನ ಬೆನ್ನು, ನಡುವೆ ಕೂತ ಹುಡುಗನಿಗೆ ದಾರಿಯುದ್ದಕ್ಕೂ ಕೇಳಲು ಇದ್ದದ್ದು ಅಚ್ಚಿನ ಕಿರುಗುಟ್ಟುವಿಕೆ ಒಂದೇ. ಯಾವ ಚಕ್ರ ಕೂಗುತ್ತಿದೆ, ಕೀಲೆಣ್ಣೆ ಆರಿದೆಯೋ ಮರ ಬಿರಿದಿದೆಯೋ ಎಂದು ಇಳಿದು ನೋಡದೆಯೇ ಹೇಳುವುದನ್ನು ಅಪ್ಪ ಅವನಿಗೆ ಅಲ್ಲಿಯೇ ಕಲಿಸಿದ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ರಿಪೇರಿಗೆ ಜನ ಬೇಕಾದಾಗ ಅಂಕಯ್ಯ ಮೈಸೂರಿಗೆ ಹೋದ. ಯುದ್ಧ ಮುಗಿದು, ಅಂಥದೇ ಒಂದು ಲಾರಿಯ ಚಾಸಿಯನ್ನು, ಬರಿಯ ತಳದ ಚೌಕಟ್ಟನ್ನು, ನೀಲಾಂಬಿಕೆಯ ಮಾವ ಸಿದ್ದಮಲ್ಲಪ್ಪನವರು ಕೊಂಡು ಮರದ ಬಾಡಿ ಕಟ್ಟಿಸಿ ಬಸ್ಸು ಮಾಡಿದಾಗ, ಆ ಚಾಸಿಯ ಹಿಂದೆಯೇ ಹುಣಸೂರಿಗೆ ಬಂದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಷೆಡ್ಡಿನ ಪಕ್ಕದ ಕೋಣೆಯೇ ಮನೆಯಾಯಿತು.

ಅವನ ಕಸುಬಿನಲ್ಲಿ ಎರಡು ವಿಶೇಷಗಳಿದ್ದವು. ಒಂದು, ಜಾಲಿಮರದ ಒಂದು ಕೋಲು. ಅದರ ಒಂದು ತುದಿಯನ್ನು ಇಂಜಿನ್ನಿಗೆ ಊರಿ, ಇನ್ನೊಂದಕ್ಕೆ ಕಿವಿಗೊಟ್ಟು, ಡಾಕ್ಟರು ಎದೆ ನೋಡುವ ಹಾಗೆ ನೋಡುತ್ತಿದ್ದ. ಇನ್ನೊಂದು, ಬಟ್ಟೆ ಸುತ್ತುವುದು. ಮುಂದಿನ ಚಕ್ರಗಳನ್ನು ತಿರುಗಿಸುವ ರಾಡುಗಳ ತುದಿಯ ಕೀಲುಗಳಿಗೆ ಗ್ರೀಸು ತುಂಬಿ, ಒಳಗೆ ಧೂಳು ಹೋಗದ ಹಾಗೆ ಹಳೆಯ ಬಟ್ಟೆ ಸುತ್ತಿ, ದಾರದಿಂದ ಬಿಗಿದುಬಿಡುತ್ತಿದ್ದ. ಆಗಾಗ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಅಮ್ಮಾವ್ರೆ, ಅಳೇ ಸೀರೆ ಚೂರಿದ್ರೆ ಕೊಡಿ. ಬಸ್ಸಮ್ಮನ ಕುಬಸ ಅರ್ದೋಗದೆ, ಮಾನ ಮುಚ್ಬೇಕು."

ನೀಲಾಂಬಿಕೆ ನಗುತ್ತಾ ಹಳೆಯ ಸೀರೆಯ ಸೆರಗು ಹರಿದುಕೊಡುತ್ತಿದ್ದಳು. ಒಂದು ವಾರದಲ್ಲಿ ಅದು ಗ್ರೀಸು, ಮಣ್ಣು, ಸಗಣಿ ಎಲ್ಲ ಮೆತ್ತಿಕೊಂಡು, ಬಟ್ಟೆಯೋ ಕಬ್ಬಿಣವೋ ತಿಳಿಯದ ಹಾಗೆ ಕಪ್ಪಗಾಗುತ್ತಿತ್ತು.

ಆ ಕಾಲಕ್ಕೆ ಬಸ್ಸಿನ ಡ್ರೈವರು ಸಣ್ಣಬೀರಯ್ಯ. ಒಂದು ಅಂಗೈಯನ್ನು ಸ್ಟೇರಿಂಗಿನ ಮೇಲೆ ಚಪ್ಪಟೆಯಾಗಿ ಒತ್ತಿ, ರಾಗಿಕಲ್ಲು ಬೀಸಿದಷ್ಟು ಸಲೀಸಾಗಿ ಬಸ್ಸನ್ನು ಓಣಿಯಿಂದ ಹೊರಳಿಸುತ್ತಿದ್ದ. ಆಗಿನ್ನೂ ಮೂರು ತುಂಬದ ಗೌರಿ ಷೆಡ್ಡಿನಿಂದ ಮೂಲೆಯವರೆಗೂ ಅವನ ತೊಡೆಯ ಮೇಲೆ ಕೂತು ಹೋಗುವುದು, ಅಲ್ಲಿ ಇಳಿಸಿದಾಗ ರಂಪ ಮಾಡುವುದು, ದಿನದ ಪಾಠವಾಗಿತ್ತು. ಅವನಿಗೂ ಅಂಕಯ್ಯನಿಗೂ ಹತ್ತು ಹದಿನೈದು ವರ್ಷದ ಅಂತರವಿದ್ದರೂ ಒಂದೇ ತಟ್ಟೆಯ ಸ್ನೇಹ. ಬೀರಯ್ಯನ ಹೆಂಡತಿ ರಾಚಮ್ಮ ಮಾಡಿದ ಉಪ್ಪೆಸರು ಒಂದು ಪಾತ್ರೆಯಲ್ಲಿ ಅಂಕಯ್ಯನ ಕೋಣೆಗೂ ಬರುತ್ತಿತ್ತು.

ಸದ್ದು ಹುಟ್ಟಿಕೊಂಡದ್ದು ಒಂದು ಕಾರ್ತಿಕದ ಕೊನೆಯಲ್ಲಿ. ಬಸ್ಸು ನೆಟ್ಟಗೆ ಹೋಗುವಾಗ ಏನೂ ಇಲ್ಲ, ಬಲಕ್ಕೆ ತಿರುಗಿದರೂ ಇಲ್ಲ. ಪೂರ್ತಿ ಎಡಕ್ಕೆ ತಿರುಗಿಸಿದಾಗ ಮಾತ್ರ ಕೆಳಗಿನಿಂದ 'ಕಿರ್‌ರ್' ಎಂದು ಹಲ್ಲು ಜುಮ್ಮೆನ್ನುವ ಸದ್ದು. ಅಡಿಗೆಮನೆಯಲ್ಲಿದ್ದ ನೀಲಾಂಬಿಕೆಗೂ ಕೇಳುತ್ತಿತ್ತು. ಅಂಕಯ್ಯ ಎಲ್ಲ ಕೀಲುಗಳಿಗೂ ಗ್ರೀಸು ಬಳಿದ. ನಾಲ್ಕು ದಿನ ಸುಮ್ಮನಿದ್ದ ಬಸ್ಸು, ಧೂಳು ಕುಡಿದು ಗ್ರೀಸು ಆರಿದ ಮೇಲೆ ಮತ್ತೆ ಕೂಗಿತು. ಮತ್ತೆ ಬಳಿದ. ಮತ್ತೆ ಕೂಗಿತು. ಕೋಟೆಯ ಸಂತೆಗೆ ಹೋಗುವ ಹೆಂಗಸರು "ಬಸ್ಸಿಗೆ ಹಲ್ಲುನೋವು ಬಂದದೆ" ಎಂದು ಆಡಿಕೊಂಡರು.

ಸಿದ್ದಮಲ್ಲಪ್ಪನವರಿಗೆ ಅದು ನಗೆಯ ಮಾತಾಗಿರಲಿಲ್ಲ. ಅದೇ ತಿಂಗಳು ಘಟ್ಟದ ಕಡೆ ಯಾರದೋ ಬಸ್ಸು ಸ್ಟೇರಿಂಗು ಕಚ್ಚಿಕೊಂಡು ಹಳ್ಳಕ್ಕೆ ಉರುಳಿದ ಸುದ್ದಿ ಊರೆಲ್ಲ ಹಬ್ಬಿತ್ತು. ಒಂದು ದಿನ ಬಸ್ಸು ಬಿಡದೆ ನಿಲ್ಲಿಸಿ, "ಇವತ್ತು ಅದು ಏನು ಅಂತ ಹೇಳಿಬಿಡು ಅಂಕಾ. ನಲವತ್ತು ಜನದ ಜೀವ" ಎಂದರು.

ಅಂಕಯ್ಯ ಬಸ್ಸಿನ ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ಅಂಗಾತ ಮಲಗಿದ. ಬೀರಯ್ಯ ಮೇಲೆ ಕೂತು ಎಡಕ್ಕೂ ಬಲಕ್ಕೂ ತಿರುಗಿಸಿದ. ಸದ್ದೇ ಇಲ್ಲ. ಜಾಕು ಇಳಿಸಿ ನೆಲದ ಮೇಲೆ ತಿರುಗಿಸಿದರೆ 'ಕಿರ್‌ರ್'. ಮತ್ತೆ ಎತ್ತಿದರೆ ಇಲ್ಲ, ಇಳಿಸಿದರೆ ಉಂಟು. ಅಂಕಯ್ಯ ಜಾಲಿಕೋಲನ್ನು ಸ್ಟೇರಿಂಗಿನ ಬುಡದ ಪೆಟ್ಟಿಗೆಗೆ ಊರಿ ಕಿವಿಗೊಟ್ಟ. ಪೆಟ್ಟಿಗೆಯೊಳಗೇ ಯಾರೋ ಕೂತು ಕಿರುಚಿದ ಹಾಗೆ ಕೇಳಿಸಿತು. ಅವನ ಲೆಕ್ಕ ಅಲ್ಲಿಗೆ ಕೂಡಿಬಂತು. ಚಕ್ರ ಗಾಳಿಯಲ್ಲಿದ್ದಾಗ ಸುಮ್ಮನಿದ್ದು, ಭಾರ ಬಿದ್ದಾಗ ಕೂಗಿದರೆ ಪೆಟ್ಟಿಗೆಯೊಳಗಿನ ಹಲ್ಲುಚಕ್ರದ ಹಲ್ಲು ಸವೆದಿದೆ. ಬಿಚ್ಚಿ ನೋಡಿದ. ಹಲ್ಲು ಸವೆದೇ ಇತ್ತು. ಹತ್ತು ವರ್ಷ ಓಡಿದ ಯಾವ ಗಾಡಿಯನ್ನು ಬಿಚ್ಚಿದರೂ ಅಷ್ಟು ಸವೆದಿರುತ್ತದೆ ಎನ್ನುವುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

"ನಿಂತಲ್ಲೇ ಸ್ಟೇರಿಂಗು ಒಡೀತಾನೆ ಬುದ್ದಿ ಇವ್ನು" ಎಂದ, ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಾ. "ಚಕ್ರ ಉರುಳ್ತಾ ಇರ್ಬೇಕಾದ್ರೆ ತಿರುಗಿಸ್ಬೇಕು. ನಿಲ್ಲಿಸ್ಕಂಡು ತಿರುಗಿಸಿದ್ರೆ ಅಲ್ಲು ಅಲ್ಲನ್ನೇ ತಿಂತದೆ."

ಬೀರಯ್ಯ ಮೊದಲು ನಕ್ಕ. "ನಿಂತಲ್ಲೇ ತಿರುಗಿಸ್ದೆ ಈ ಓಣೀಲಿ ಇನ್ನೆಂಗೆ ತಿರುಗಿಸ್ಲಿ ಬುದ್ದಿ? ಬಸ್ಸ ಮಡಿಚಿ ಕಂಕುಳಲ್ಲಿ ಇಟ್ಕಂಡೋಗ್ಲಾ?"

ಸುತ್ತ ನಿಂತವರೂ ನಕ್ಕರು. ಸಿದ್ದಮಲ್ಲಪ್ಪನವರು ನಗಲಿಲ್ಲ. "ಅಂಗಾರೆ ತಿರುಗಿಸೋದು ನಿಜ ಅಂತಾಯ್ತು. ಉರುಳಿ ಬಿದ್ದಿದ್ರೆ ಯಾರ್ಲಾ ಹೊಣೆ?" ಎಂದರು.

ಆಗ ಬೀರಯ್ಯನ ಮುಖದ ನಗು ಇಳಿಯಿತು. ಯಜಮಾನರನ್ನು ಬಿಟ್ಟು ಅಂಕಯ್ಯನ ಕಡೆ ತಿರುಗಿದ. "ಅಂಕಣ್ಣ, ನಿಜವಾಗ್ಲೂ ನನ್ ಕೈಯ್ಯಾ?"

"ಸದ್ದು ಸುಳ್ಳೇಳಲ್ಲ ಕಣ್ಲಾ ಬೀರ" ಎಂದ ಅಂಕಯ್ಯ.

ಬೈದಿದ್ದರೆ ಬೀರಯ್ಯ ತಿರುಗಿ ಬೈಯುತ್ತಿದ್ದನೋ ಏನೋ. ಅಂಕಯ್ಯ ಹೇಳಿದ್ದು ಮೆತ್ತಗೆ, ಮನೆಯವರಿಗೆ ಹೇಳುವ ಹಾಗೆ. ಬೀರಯ್ಯ ತನ್ನ ಎರಡು ಅಂಗೈಗಳನ್ನೂ ಬಿಡಿಸಿ ನೋಡಿಕೊಂಡ. ಬಸ್ಸು ಸ್ಟಾರ್ಟು ಮಾಡುವ ಹ್ಯಾಂಡಲ್ಲನ್ನು ಒಳಗಿಂದ ತಂದು ಜಗಲಿಯ ಅಂಚಿಗೆ ಒರಗಿಸಿಟ್ಟ. ಸಿದ್ದಮಲ್ಲಪ್ಪನವರು ಇನ್ನೂ 'ಹೋಗು' ಎಂದಿರಲಿಲ್ಲ. ಆಮೇಲೆ 'ಇರು' ಎನ್ನಲೂ ಅವರಿಗೆ ಬಾಯಿ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ನೀಲಾಂಬಿಕೆಗೆ, 'ಒಂದು ದಿನ ತಡೆದು ನೋಡಿ ಮಾವಾ' ಎನ್ನಬೇಕೆನಿಸಿತು. ಗಂಡಸರ ಕಸುಬಿನ ಮಾತು, ತಾನೇನು ಬಲ್ಲೆ ಎಂದು ನುಂಗಿಕೊಂಡಳು. ಬೀರಯ್ಯ ಹೆಂಡತಿಯನ್ನು ಕರೆದುಕೊಂಡು ಅವಳ ತವರಿಗೆ, ಭೇರ್ಯದ ಪಕ್ಕದ ಹಳ್ಳಿಗೆ, ಹೊರಟುಹೋದ.

ಮೈಸೂರಿನಿಂದ ಹೊಸ ಹಲ್ಲುಚಕ್ರ ತರಿಸಿ ಹಾಕಿದ್ದಾಯಿತು. ತಿಮ್ಮಯ್ಯನೆಂಬ ಹೊಸ ಡ್ರೈವರು ಬಂದ. ಬಲು ನಾಜೂಕಿನವನು, ನಿಂತಲ್ಲಿ ಸ್ಟೇರಿಂಗು ಮುಟ್ಟುತ್ತಿರಲಿಲ್ಲ. ಎರಡು ಸಲ ಹಿಂದೆ ಮುಂದೆ ಮಾಡಿಯೇ ಓಣಿ ದಾಟಿಸುತ್ತಿದ್ದ. ವಾರ ಕಳೆದು, ಹೊಸ ಗ್ರೀಸು ಆರಿದ ಬೆಳಿಗ್ಗೆ ಬಸ್ಸು ಎಡಕ್ಕೆ ಹೊರಳಿತು. 'ಕಿರ್‌ರ್.'

"ಏನ್ ಅಂಕಣ್ಣ ಇದು, ಬೀರಣ್ಣನ ದೆವ್ವ ಒಳಗೇ ಉಳ್ಕಂಡದಾ?" ಎಂದು ತಿಮ್ಮಯ್ಯ ಕಿಟಕಿಯಿಂದ ತಲೆ ಹಾಕಿ ನಕ್ಕ.

ಕಲ್ಲುಬಾನಿಯ ಹತ್ತಿರ ನಿಂತಿದ್ದ ಅಂಕಯ್ಯನ ಮುಖವನ್ನು ನೀಲಾಂಬಿಕೆ ನೋಡಿದಳು. ಬೆಂಕಿ ಕೆಂಡ ತುಳಿದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ. ಆ ಅಭ್ಯಾಸ ಹತ್ತಿಕೊಂಡದ್ದು ಅಂದಿನಿಂದ. ಆಮೇಲೆ ಅವನು ಹುಡುಕದ ಜಾಗವಿಲ್ಲ. ಬಸ್ಸಿನ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ ನೋಡಿದ, ಚಕ್ರ ಬಿಚ್ಚಿದ, ಬಾಡಿಯ ಮೊಳೆಗಳನ್ನೂ ಬಿಗಿದ. ಎಲ್ಲ ಕೀಲುಗಳ ಬಟ್ಟೆಯ ಮೇಲೂ ಗ್ರೀಸು ಬಳಿದು ಬಳಿದು, ಸದ್ದಿನ ಬಾಯಿ ಮುಚ್ಚಿಸುತ್ತಾ ತಿಂಗಳುಗಳನ್ನು ತಳ್ಳಿದ.

ಅಷ್ಟರಲ್ಲಿ ಆಯುಧಪೂಜೆ ಬಂತು. ವರ್ಷಕ್ಕೊಮ್ಮೆ ಆ ಹಬ್ಬಕ್ಕೆ ಬಸ್ಸಿನ ಹಳೆಯ ಬಟ್ಟೆಯೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ಕಬ್ಬಿಣ ತೊಳೆದು, ಹೊಸ ಬಟ್ಟೆ ಸುತ್ತುವುದು ಅಂಕಯ್ಯನ ಪದ್ಧತಿ. ನೀಲಾಂಬಿಕೆ ಹಳೆಯ ಸೀರೆ ಕೊಡಲು ಷೆಡ್ಡಿಗೆ ಹೋದಾಗ ಅವನು ಬಸ್ಸಿನ ಕೆಳಗಿನಿಂದ ತೆವಳಿ ಬಂದು, ಮುಂದೆ ಕಪ್ಪು ಮುದ್ದೆಗಳನ್ನು ಇಟ್ಟುಕೊಂಡು ಕೂತಿದ್ದ.

"ನಾನು ಸುತ್ತಿದ್ದು ನಾಕು ಕೀಲಿಗೆ ಅಮ್ಮಾವ್ರೆ. ಐದು ಬಟ್ಟೆ ಬಂದ್ವು" ಎಂದ.

ಐದನೆಯದು ಕೀಲಿನ ಮೇಲಿರಲಿಲ್ಲ. ಸ್ಟೇರಿಂಗ್ ಪೆಟ್ಟಿಗೆಯಿಂದ ಎಡಚಕ್ರಕ್ಕೆ ಹೋಗುವ ಉದ್ದ ರಾಡಿನ ನಡುವೆ ಕಟ್ಟಿತ್ತು. ಕಪ್ಪಗೆ, ಅವನ ಬಟ್ಟೆಗಳ ಹಾಗೆಯೇ ಇತ್ತು. ಕೆಳಗೆ ಮಲಗಿದಾಗಲೆಲ್ಲ ಅವನ ಕಣ್ಣು ಅದರ ಮೇಲೆ ಹರಿದಿತ್ತು, ತನ್ನದೇ ಬಟ್ಟೆ ಎಂದುಕೊಂಡು ದಾಟಿಹೋಗಿತ್ತು. ಅಷ್ಟೇ ಅಲ್ಲ, ಪ್ರತಿಸಲ ತಾನೇ ಕೈಯಾರೆ ಅದಕ್ಕೂ ಗ್ರೀಸು ಬಳಿದಿದ್ದ. ಅದನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ಹಿಂಡಿದ. ಒಳಗೆ ಸವೆದು ಹೊಳೆಯುವ ಒಂದು ತಾಮ್ರದ ಕಾಸು.

ಅವನು ಬಿಡಿಸಿ ಹೇಳಿದ. ಬಸ್ಸಿನ ಭಾರ ನೆಲದ ಮೇಲಿದ್ದಾಗ ಪಟ್ಟಿ ಒತ್ತಿಕೊಂಡು ರಾಡು ಚಾಸಿಯ ಹತ್ತಿರಕ್ಕೆ ಬರುತ್ತದೆ. ಪೂರ್ತಿ ಎಡಕ್ಕೆ ತಿರುಗಿಸಿದಾಗ ಗಂಟಿನೊಳಗಿನ ಕಾಸು ಚಾಸಿಗೆ ಉಜ್ಜುತ್ತದೆ. ಜಾಕಿನ ಮೇಲೆ ಎತ್ತಿದರೆ ಚಕ್ರ ಜೋತುಬಿದ್ದು ರಾಡು ಕೆಳಗಿಳಿಯುತ್ತದೆ, ಸದ್ದು ಹೇಗೆ ಬಂದೀತು? ಕಬ್ಬಿಣದಿಂದ ಕಬ್ಬಿಣಕ್ಕೆ ಹರಿದ ಸದ್ದನ್ನೇ ಕೋಲು ಪೆಟ್ಟಿಗೆಯಲ್ಲಿ ಕೇಳಿಸಿತ್ತು. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. "ಜಾಕು ಇಳಿಸಿ ಒಂದ್ಸಲ ಕೆಳಕ್ಕೆ ಬಗ್ಗಿ ನೋಡಿದ್ರೆ ಆಗೋಗೋದು. ಬಗ್ಗಲಿಲ್ಲ. ಎಲ್ಲಾ ತಿಳ್ದೋನಂಗೆ ಪೆಟ್ಟಿಗೆ ಬಿಚ್ದೆ."

ನೀಲಾಂಬಿಕೆಯ ಕಣ್ಣು ಮಾತ್ರ ಬಟ್ಟೆಯ ಮೇಲಿತ್ತು. ಮಸಿ ಬಿಟ್ಟ ಒಂದು ಮೂಲೆಯಲ್ಲಿ ಗಿಣಿಹಸಿರು, ಅದರ ಅಂಚಿಗೆ ಸಣ್ಣ ಕೆಂಪು ಎಳೆ. ಹಿಂದಿನ ವರ್ಷ ಗೌರಿಹಬ್ಬದಲ್ಲಿ ಅರಿಶಿನ ಕುಂಕುಮ ಕೊಟ್ಟು ರಾಚಮ್ಮನ ಮಡಿಲಿಗೆ ಹಾಕಿದ ಕುಬಸದ ಕಣ ಅದು. 'ಇಂಥಾ ಬಣ್ಣ ನನ್ನ ಮೈಗೆ ಎಲ್ಲಿ ಒಪ್ತದೆ ಅಮ್ಮಾವ್ರೆ, ದೇವ್ರಿಗೇ ಒಪ್ತದೆ' ಎಂದಿದ್ದಳು ರಾಚಮ್ಮ.

"ಇದು ಮುಡುಪು ಅಂಕಯ್ಯ" ಎಂದಳು ನೀಲಾಂಬಿಕೆ. "ರಾಚಮ್ಮ ಕಟ್ಟಿರೋದು."

ಘಟ್ಟದಲ್ಲಿ ಬಸ್ಸು ಉರುಳಿದ ಸುದ್ದಿ ಬಂದ ತಿಂಗಳು. ಮನೆಯ ತೊಲೆಗೆ ಕಟ್ಟಿದರೆ ಮನೆಯನ್ನು ಕಾಯುತ್ತದೆ, ಗಂಡನನ್ನು ಕಾಯಬೇಕಾದರೆ ಅವನು ತಿರುಗಿಸುವುದಕ್ಕೇ ಕಟ್ಟಬೇಕು ಎಂದುಕೊಂಡಿದ್ದಳೇನೋ. ಉಪ್ಪೆಸರಿನ ಪಾತ್ರೆ ತರುವ ನೆಪದಲ್ಲಿ ಷೆಡ್ಡಿಗೆ ಬಂದವಳು, ಯಾರೂ ಇಲ್ಲದಾಗ ಕೈಗೆಟಕಿದ ರಾಡಿಗೆ ಕಾಸು ಕಟ್ಟಿ ಹೋಗಿದ್ದಳು. ಗಂಡ ಉಳಿಯಲಿ ಎಂದು ಅವಳು ಕಟ್ಟಿದ್ದೇ ಗಂಡನ ಕೆಲಸ ಕಳೆದಿತ್ತು. ಅದನ್ನು ಯಾರಿಗೆ ಹೇಳುವುದು?

ಅಂಕಯ್ಯ ಯಜಮಾನರ ಹತ್ತಿರ ಹೋಗಿ, "ಪೆಟ್ಟಿಗೇದಲ್ಲ ಬುದ್ದಿ, ಚಿಂದಿ ಒಂದು ಸಿಕ್ಕಾಕ್ಕಂಡಿತ್ತು. ತಪ್ಪು ನಂದು, ಬೀರಂದಲ್ಲ" ಎಂದ. ಮುಡುಪಿನ ಮಾತೆತ್ತಲಿಲ್ಲ. ಸಿದ್ದಮಲ್ಲಪ್ಪನವರು ಬಹಳ ಹೊತ್ತು ವಿಭೂತಿ ಗಟ್ಟಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತು, "ಆದದ್ದು ಆಗೋಯ್ತು. ಈಗ ಅವನ್ನ ಕರೆಸಿದ್ರೆ ಈ ತಿಮ್ಮಯ್ಯನ್ನ ಎಲ್ಲಿಗೆ ಅಟ್ಟಲಿ? ಅವನೂ ಹೆಂಡ್ತಿ ಮಕ್ಕಳೋನು" ಎಂದರು. ಅದೂ ನಿಜವೇ.

ದೀಪಾವಳಿ ಕಳೆದ ಮೇಲೆ ಅಂಕಯ್ಯ ತಾನೇ ಭೇರ್ಯದ ಕಡೆ ಹೋದ. ಹಿಂತಿರುಗಿ ಬಂದವನು ಹಿತ್ತಲ ಬಾಗಿಲಲ್ಲಿ ಕೂತು ಒಂದು ಚೊಂಬು ಮಜ್ಜಿಗೆ ಕುಡಿದು ಎಲ್ಲವನ್ನೂ ಹೇಳಿದ. ಬೀರಯ್ಯ ಮಾವನ ಗದ್ದೆ ಉಳುತ್ತಿದ್ದ, ಭತ್ತದ ಗಾಡಿ ಹೊಡೆಯುತ್ತಿದ್ದ. ಅಂಕಣ್ಣ ಬಂದ ಎಂದು ಗದ್ದೆಯಿಂದ ಓಡಿಬಂದು ಕಾಲಿಗೆ ನೀರು ಕೊಟ್ಟ. ಅಂಕಯ್ಯ ಕೂತ ಕೂಡಲೇ ಶುರುಮಾಡಿದ.

"ಆ ಸದ್ದು ನಿನ್ನ ಕೈದಲ್ಲ ಕಣ್ಲಾ ಬೀರ."

"ಮತ್ತೆ ಯಾರ್ದು?"

ಬಾಗಿಲಲ್ಲಿ ರಾಚಮ್ಮ ಬೆಲ್ಲ ನೀರು ಹಿಡಿದು ನಿಂತಿದ್ದಳು. ಅವಳನ್ನು ನೋಡಿ ಅಂಕಯ್ಯ ಮಾತು ಹೊರಳಿಸಿದ. "ಪೆಟ್ಟಿಗೆಗೆ ವಯಸ್ಸಾಗಿತ್ತು" ಎಂದ.

ಬೀರಯ್ಯ ನಕ್ಕ. "ನನ್ ಸಮಾಧಾನಕ್ಕೆ ಇಷ್ಟು ದೂರ ಬಂದ್ಯಲ್ಲ ಅಂಕಣ್ಣ, ದೊಡ್ಡೋನು ನೀನು. ನೀ ಹೇಳಿದ್ಮೇಲೆ ನಾನೂ ಯೋಚ್ನೆ ಮಾಡ್ದೆ. ನನ್ ಕೈ ಒರಟು ನಿಜ ಕಣ. ಯಾರ್ದೂ ಜೀವ ಹೋಗೋಕ್ ಮುಂಚೆ ಗೊತ್ತಾಯ್ತಲ್ಲ. ಎತ್ತಿನ ಹಗ್ಗ ಹಿಡಿದ್ರೆ ಯಾರಿಗೂ ತೊಂದ್ರೆ ಇಲ್ಲ, ಬುಡು."

ಅಂಕಯ್ಯ ಹೊರಟಾಗ ರಾಚಮ್ಮ ಬೇಲಿಯವರೆಗೂ ಬಂದು ಮೆಲ್ಲಗೆ ಕೇಳಿದಳು. "ಅಣ್ಣಾ, ಬಸ್ಸಿನ ಕೆಳಗೆ ಒಂದು ಗಂಟು ಕಟ್ಟಿದ್ದೆ, ಕಪ್ಪಡಿ ರಾಚಪ್ಪಾಜಿಗೆ. ಇವ್ರಿಗೆ ಏಳಿಲ್ಲ, ನಗ್ತಾರೆ ಅಂತ. ಕೆಲ್ಸ ಓಗಿದ್ರೂ ದೇವ್ರು ಜೀವ ಉಳಿಸ್ಕೊಟ್ಟ, ಒಪ್ಪಿಸೋಕೆ ಗಂಟೇ ಇಲ್ಲ ನನ್ನತ್ರ. ಕಣ್ಣಿಗೇನಾದ್ರೂ ಬಿದ್ದಿತ್ತಾ?"

"ಇಲ್ಲ ಕಣವ್ವ" ಎಂದು ಅಂಕಯ್ಯ ತಲೆ ಬಗ್ಗಿಸಿಕೊಂಡು ಬಂದುಬಿಟ್ಟ. ಗಂಟು ಅವನ ಜೇಬಿನಲ್ಲೇ ಇತ್ತು. ಕೊಟ್ಟರೆ ಎಲ್ಲಿ ಸಿಕ್ಕಿತು, ಹೇಗಿತ್ತು ಎಂದು ಬೀರಯ್ಯ ಕೇಳುತ್ತಾನೆ. ಬಸ್ಸಿನ ಕೆಳಗನ್ನು ಬಲ್ಲವನಿಗೆ ಅಷ್ಟು ಸಾಕು, ಉಳಿದದ್ದು ತಾನೇ ತಿಳಿಯುತ್ತದೆ. ಒಂದು ಮನೆಯನ್ನು ಎಬ್ಬಿಸಿದ್ದು ಸಾಲದು ಎಂದು, ಒಳಗಿರುವ ಇಬ್ಬರ ನಡುವೆಯೂ ಕಲ್ಲು ಹಾಕಬೇಕೆ?

ಅದಾಗಿ ಒಂದೂವರೆ ವರ್ಷ. ಈಗ ಸಿದ್ದಮಲ್ಲಪ್ಪನವರು ಪಿರಿಯಾಪಟ್ಟಣದ ದಾರಿಗೆ ಎರಡನೆಯ ಬಸ್ಸು ಬಿಡುತ್ತಿದ್ದಾರೆ. ಬಣ್ಣ ಬಳಿದು ಷೆಡ್ಡಿನ ಮುಂದೆ ನಿಂತಿದೆ, ಡ್ರೈವರು ಬೇಕು. ಅವರಾಗಿಯೇ, "ಬೀರ ಬಂದ್ರೆ ಬರ್ಲಿ" ಎಂದು ಹೇಳಿ ಕಳಿಸಿದ್ದರು. ಹೋದವನು ತಂದ ಉತ್ತರ ಒಂದೇ ಮಾತು. "ನನ್ ಕೈ ಸರಿಯಿಲ್ಲ, ಬ್ಯಾಡಿ ಬುದ್ದಿ." ಸೋಮವಾರದವರೆಗೆ ನೋಡಿ ಬೇರೆ ಯಾರನ್ನಾದರೂ ಗೊತ್ತುಮಾಡುವುದೆಂದು ಯಜಮಾನರು ರಾತ್ರಿ ಊಟದಲ್ಲಿ ಅಂದಿದ್ದರು. ಬೀರಯ್ಯ ಇನ್ನೊಮ್ಮೆ ಸ್ಟೇರಿಂಗು ಹಿಡಿಯುತ್ತಾನೋ ಇಲ್ಲವೋ, ಅದೆಲ್ಲ ಈ ನಾಲ್ಕು ದಿನದಲ್ಲಿತ್ತು.

ರಾಗಿ ಕೇರಿ ಮುಗಿಯಿತು. ಗೌರಿ ರೊಟ್ಟಿ ಮುಗಿಸಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕರುವಿನ ಹತ್ತಿರ ಓಡಿದಳು. ನೀಲಾಂಬಿಕೆ ತವರಿಗೆ ಹೋಗುವ ಬುಟ್ಟಿಯನ್ನು ಕಟ್ಟಲು ಕೂತಳು. ಅವಳ ತವರು ಭೇರ್ಯ. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು, ನಾಳೆ ಬೆಳಿಗ್ಗೆ ಪ್ರಯಾಣ. ಕುಲಾವಿ, ಮಗುವಿನ ಕಾಲಿಗೆ ಹಾಲುಗಡಗ, ಎಳ್ಳುಂಡೆ ಎಂದು ಒಂದೊಂದಾಗಿ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

"ಅಮ್ಮಾವ್ರೆ, ಬುಟ್ಟೀಲಿ ಒಸಿ ಜಾಗ ಅದಾ?"

ಅಂಕಯ್ಯ ಸ್ನಾನ ಮಾಡಿ ಒಗೆದ ಅಂಗಿ ತೊಟ್ಟಿದ್ದ. ಕೈಯಲ್ಲಿ ಅರಿಶಿನದಲ್ಲಿ ಅದ್ದಿದ ಹೊಸ ಬಟ್ಟೆಯ ಒಂದು ಪುಟ್ಟ ಗಂಟು. ಒಳಗೇನಿದೆ ಎಂದು ಅವಳು ಕೇಳಬೇಕಾಗಿರಲಿಲ್ಲ.

"ಕಪ್ಪಡಿ ನಿಮ್ಮೂರಿಂದ ದೂರ ಇಲ್ಲವಲ್ಲ. ಅವ್ಳ ಎಸ್ರಲ್ಲಿ ಒಪ್ಪಿಸ್ಬುಡಿ. ನಾನು ಒಯ್ಯಾಕೆ ಮನಸು ಬರ್ನಿಲ್ಲ. ಇದ ಕಳ್ಳನಂಗೆ ಬಚ್ಚಿಟ್ಕಂಡೋನು ನಾನು."

"ಕೊಡಿ" ಎಂದು ನೀಲಾಂಬಿಕೆ ಗಂಟನ್ನು ಕುಲಾವಿಯ ಒಳಗೆ ಇಟ್ಟಳು. "ದೇವರ ಮುಂದಿಟ್ಟು, ಆಮೇಲೆ ರಾಚಮ್ಮನಿಗೆ ಕುಂಕುಮ ಕೊಟ್ಟು ಬರ್ತೀನಿ. ಸಿಕ್ಕಿತು, ಒಪ್ಪಿಸಿದೆ ಅಂತ ಅವಳ ಕಿವಿಯಲ್ಲಷ್ಟೇ ಹೇಳ್ತೀನಿ. ಬೇರೆ ಏನೂ ಹೇಳಲ್ಲ."

ಅಂಕಯ್ಯ ಹೋಗಲಿಲ್ಲ. ಹೊಸ್ತಿಲಾಚೆ ಕುಕ್ಕುರುಗಾಲಲ್ಲಿ ಕೂತು ತನ್ನ ಬೆರಳ ಸಂದಿಯ ಕಪ್ಪನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದ. ಅಷ್ಟು ಉಜ್ಜಿ ಮಿಂದರೂ ಅದು ಹೋಗಿರಲಿಲ್ಲ.

"ಇನ್ನೊಂದದೆ" ಎಂದ. "ಬೀರಂಗೆ ಒಂದು ಮಾತು ಏಳ್ಬೇಕು. ಸುಳ್ಳು ಮಾತು. ನೀವು ಅಂಥೋರಲ್ಲ, ಗೊತ್ತು."

"ಏನು?"

"ಅಂಕಯ್ಯ ಕೀಲಿಗೆ ಸುತ್ತಿದ ಬಟ್ಟೆ ಒಳಗೆ ಒಂದು ವಾಷರು ಮರ್ತು ಬುಟ್ಟಿದ್ದ, ಅದೇ ಚಾಸಿಗೆ ಉಜ್ಜಿ ಕೂಗಿದ್ದು ಅಂತ ಏಳಿ. ಅವನು ಡ್ರೈವರ್ರು, ಕೇಳ್ದೇಟ್ಗೇ ಅವಂಗೆ ಅರ್ಥಾಯ್ತದೆ. ಜಾಕಿನ ಮೇಲೆ ಯಾಕೆ ಕೂಗ್ನಿಲ್ಲ ಅನ್ನೋದೂ ಒಳೀತದೆ. ಕೈ ಸರಿಯಾಗೇ ಅದೆ ಅಂತ ಆಗ ನಂಬ್ತಾನೆ."

"ಅದನ್ನ ನೀವೇ ಹೇಳಬಹುದಲ್ಲ ಅಂಕಯ್ಯ?"

"ನಾ ಏಳಿದ್ರೆ ಮತ್ತೆ ಸಮಾಧಾನಕ್ಕೆ ಬಂದೆ ಅಂತಾನೆ. ನಾನಾಗಿ ತಪ್ಪೊಪ್ಕಂಡ್ರೆ ಇನ್ನೂ ನಂಬಲ್ಲ ಅವನು, ಅಂಥಾ ಜನ." ಅಂಕಯ್ಯ ತಲೆಯೆತ್ತಿ ನೋಡಿದ. ಕಣ್ಣಂಚು ಕೆಂಪಾಗಿತ್ತು, ದನಿ ಮಾತ್ರ ಮೆಕ್ಯಾನಿಕ್ಕಿನದೇ, ಇಲ್ಲಿ ಇಷ್ಟು ಬಿಗಿಯಬೇಕು ಎಂದು ತೋರಿಸಿಕೊಡುವಂಥದ್ದು. "ನೀವು ನನ್ ಪರ ಮಾತಾಡ್ದಂಗೆ ಏಳ್ಬಾರ್ದು ಅಮ್ಮಾವ್ರೆ. ನನ್ನ ಚೆನ್ನಾಗಿ ಬೈಯ್ರಿ. ಕಣ್ಣು ಕಾಣ್ದ ಮುದುಕ, ಬೇಜವಾಬ್ದಾರಿಯೋನು, ನಿನ್ನ ಅನ್ನ ಕಿತ್ಕಂಡ ಅಂತ ಸಿಟ್ಟು ಮಾಡ್ಕಂಡೇ ಏಳಿ. ಆಗ ನಂಬ್ತಾನೆ. ಇಷ್ಟು ಮಾಡ್ಕೊಡ್ತೀರಾ?"